ಧ್ವನಿಮುದ್ರಣಕ್ಕೆ ಪೂರ್ಣ ಅಂಕ, ಕೇಳುಗನಿಗೆ ಅರ್ಧ ಬಾಗಿಲು: ವಿಶ್ವವಿದ್ಯಾಲಯವೊಂದರ ಮೌಖಿಕ ಇತಿಹಾಸ ಸೇವೆ

ಮಂಗಳೂರಿನ ವಿಶ್ವವಿದ್ಯಾಲಯವೊಂದು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಮೌಖಿಕ ಇತಿಹಾಸ ಯೋಜನೆಯನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ. ಯೋಜನೆಯವರು ಮನೆಗೆ ಬಂದು ನನ್ನ ದೊಡ್ಡಮ್ಮನ ನೆನಪುಗಳನ್ನು ಧ್ವನಿಮುದ್ರಿಸಿಕೊಂಡರು. ಅನಂತರ ಅದೇ ಸಂಗ್ರಹದಲ್ಲಿರುವ ಬೇರೆಯವರ ಮಾತುಗಳನ್ನು ಕೇಳಲೆಂದು ನಾನು ಅವರ ದಾಖಲೆ ವಿಭಾಗಕ್ಕೆ ಹೋದೆ. ಮೊದಲನೆಯ ಅನುಭವಕ್ಕೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಎರಡನೆಯದಕ್ಕೆ ತೇರ್ಗಡೆಯ ಅಂಕವನ್ನು ಕೊಡುವುದೂ ಕಷ್ಟ. ಯೋಜನೆಯ ಸಿಬ್ಬಂದಿ ಪ್ರಾಮಾಣಿಕರು, ಕೆಲಸ ಬಲ್ಲವರು, ಮತ್ತು ಕೊರತೆಗಳಿಗೆ ಹೆಚ್ಚಾಗಿ ಹೊಣೆಯಾದವರು ಅವರಲ್ಲ. ಆದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮನೆಯ ಹಿರಿಯರ ಮಾತನ್ನು ಇಂಥದೊಂದು ಯೋಜನೆಗೆ ಒಪ್ಪಿಸಬೇಕೆಂದು ಯೋಚಿಸುತ್ತಿರುವವರಿಗೆ ಸೇವೆಯ ಗುಣದೋಷಗಳು ತಿಳಿದರೆ ಸಾಕು.

ಸೇವೆಗೆ ಶುಲ್ಕವಿಲ್ಲ. ಕರಾವಳಿಯ ದುಡಿಮೆಯ ಬದುಕನ್ನು ಬಲ್ಲ ಹಿರಿಯರನ್ನು ಯಾರು ಬೇಕಾದರೂ ಸೂಚಿಸಬಹುದು. ಹಂಚಿನ ಕಾರ್ಖಾನೆಯ ಕೆಲಸಗಾರರು, ಬೀಡಿ ಕಟ್ಟಿದವರು, ರಂಪಣಿ ಬಲೆಯ ಕಾಲದ ಮೀನುಗಾರರು, ಹಳೆ ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಡಗುಗಳಲ್ಲಿ ದುಡಿದವರು, ಪಣಂಬೂರಿನಲ್ಲಿ ಹೊಸ ಬಂದರು ಬಂದಾಗ ನೆಲೆ ಬಿಟ್ಟವರು, ಗೇಣಿ ಒಕ್ಕಲುಗಳು, ಇವರಿಗೆ ಆದ್ಯತೆ. ಈ ಆಯ್ಕೆಯೇ ನನಗೆ ಮೊದಲು ಮೆಚ್ಚುಗೆಯಾದುದು. ನಮ್ಮ ಜಿಲ್ಲೆಯ ಬ್ಯಾಂಕುಗಳ ಚರಿತ್ರೆ, ದೇವಸ್ಥಾನಗಳ ಚರಿತ್ರೆ, ಮಿಷನ್ನಿನ ಚರಿತ್ರೆಗಳಿಗೆ ಸ್ಮರಣ ಸಂಚಿಕೆಗಳೂ ಕಡತಗಳೂ ಬೇಕಾದಷ್ಟಿವೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು ಶಾಲಾ ಪುಸ್ತಕದಲ್ಲೇ ಬಂದಿದೆ. ಆ ಬಗೆಯ ಕಾರ್ಖಾನೆಯ ಭಟ್ಟಿಯ ಬಾಯಿಯಲ್ಲಿ ನಿಂತು ಹಂಚು ಪೇರಿಸಿದವರ ಅಂಗೈ ಹೇಗಿತ್ತು ಎಂಬುದು ಯಾವ ಪುಸ್ತಕದಲ್ಲೂ ಬಂದಂತಿಲ್ಲ.

ದೊಡ್ಡಮ್ಮನದು ನೇತ್ರಾವತಿ ದಡದ ಮನೆ. ದೊಡ್ಡಪ್ಪ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು, ಮನೆಗೆ ಒಂದಿಷ್ಟು ಗೇಣಿ ಗದ್ದೆಯಿತ್ತು, ದೊಡ್ಡಮ್ಮ ಗದ್ದೆಯ ಕೆಲಸದ ಜೊತೆಗೆ ಬೀಡಿ ಕಟ್ಟಿದರು. ಯಂತ್ರವನ್ನು ಹೊರಗೆ ತೆಗೆಯುವ ಮೊದಲು ಯೋಜನೆಯ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಸುಮ್ಮನೆ ಮಾತನಾಡಿಸಿಕೊಂಡು ಹೋಗಲು ಬಂದರು. ಈ ಮುನ್ಭೇಟಿಯನ್ನು ಹಲವರು ಕಾಲಹರಣವೆಂದು ತಿಳಿಯುತ್ತಾರೆ. ನಾನೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೆ. ಆದರೆ ಆಕೆ ಆ ದಿನ ತಿಳಿದುಕೊಂಡು ಹೋದ ವಿಷಯಗಳು ಮುಂದಿನ ಬೈಠಕಿನ ಪ್ರಶ್ನೆಗಳಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ದೊಡ್ಡಮ್ಮನಿಗೆ ಎಡಗಿವಿ ಮಂದ, ಬಲಗಡೆ ಕುಳಿತು ಕೇಳಬೇಕು. ಊಟವಾದ ಮೇಲೆ ಮಾತು ಕಡಿಮೆ, ಬೆಳಗ್ಗೆಯೇ ಒಳ್ಳೆಯದು. ಮಕ್ಕಳು ಎದುರಿಗಿದ್ದರೆ ಕೆಲವು ವಿಷಯಗಳನ್ನು ಆಡುವುದಿಲ್ಲ. ಕೊನೆಯದನ್ನು ನಾವು ಯಾರೂ ಹೇಳಿರಲಿಲ್ಲ. ಮುದ್ರಣದ ದಿನ ಆಕೆ ಬಹಳ ಗೌರವದಿಂದ ನಮ್ಮೆಲ್ಲರನ್ನೂ ಜಗಲಿಗೆ ಕಳುಹಿಸಿದರು.

ಮಾತುಕತೆ ನಡೆದದ್ದು ತುಳುವಿನಲ್ಲಿ. ಅದರ ಪ್ರತಿಯನ್ನು ಆಮೇಲೆ ಪೂರ್ತಿಯಾಗಿ ಕೇಳಿದಾಗ ಪ್ರಶ್ನೆ ಕೇಳುವುದು ಎಷ್ಟು ದೊಡ್ಡ ಕಸುಬು ಎಂಬುದು ತಿಳಿಯಿತು. ಸಂದರ್ಶಕಿ ಒಂದು ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುವುದಿಲ್ಲ. "ಆ ಕಾಲದಲ್ಲಿ ತುಂಬ ಕಷ್ಟವಿತ್ತಲ್ಲವೇ ಅಜ್ಜಿ?" ಎಂದು ಉತ್ತರವನ್ನು ಬಾಯಿಗೆ ತುರುಕುವುದಿಲ್ಲ. ದೊಡ್ಡಮ್ಮ ಮಾತು ನಿಲ್ಲಿಸಿದಾಗ ತಟ್ಟನೆ ಮುಂದಿನ ಪ್ರಶ್ನೆಗೆ ಹಾರದೆ ಸುಮ್ಮನಿರುತ್ತಾರೆ. ಆ ಮೌನ ಮುಗಿದ ಮೇಲೆ ಬಂದ ಮಾತುಗಳೇ ಇಡೀ ಮುದ್ರಣದಲ್ಲಿ ಹೆಚ್ಚು ಬೆಲೆಯವು. ನಮ್ಮ ವಾಹಿನಿಗಳ ಸಂದರ್ಶನಕಾರರಿಗೆ ಇದನ್ನು ಕೇಳಿಸಬೇಕೆಂದು ಅನಿಸಿದ್ದು ಸುಳ್ಳಲ್ಲ.

ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳಬೇಕು. ಧಣಿಗಳಿಗೆ ಗೇಣಿ ಕೊಡುತ್ತಿದ್ದೆವು ಎಂದು ದೊಡ್ಡಮ್ಮ ಹೇಳಿ ಮುಂದೆ ಹೊರಟಿದ್ದರು. ಮನೆಯಲ್ಲಿ ನಾವು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ, ಅದರಾಚೆಗೆ ಯಾರೂ ಹೋಗಿದ್ದಿಲ್ಲ. ಸಂದರ್ಶಕಿ ಅಲ್ಲಿಯೇ ತಡೆದು, ಅಕ್ಕಿಯಾಗಿಯೋ ಭತ್ತವಾಗಿಯೋ, ಎಷ್ಟು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ), ಮುಡಿ ಕಟ್ಟುತ್ತಿದ್ದವರು ಯಾರು, ಧಣಿಗಳ ಅಂಗಳದಲ್ಲಿ ಅದನ್ನು ಮತ್ತೆ ಅಳೆಯುತ್ತಿದ್ದರೋ ಎಂದು ಒಂದರ ಮೇಲೊಂದು ಕೇಳಿದರು. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಈ ಲೆಕ್ಕವನ್ನು ದೊಡ್ಡಮ್ಮ ಬಾಯಿಪಾಠದಂತೆ ಒಪ್ಪಿಸಿದ ಮೇಲೆ, ಯಾರ ಸೇರು ಎಂದು ಆಕೆ ಕೇಳಿದರು. ಆಗ ಬಂದ ಉತ್ತರ ನನಗೆ ಹೊಸದು. ಧಣಿಗಳ ಮನೆಯ ಸೇರು ಬೇರೆ, ಅಂಗಡಿಯ ಸೇರು ಬೇರೆ. ನಮ್ಮಲ್ಲಿ ಅಳೆದು 42 ಆದದ್ದು ಅಲ್ಲಿ ಅಳೆದಾಗ ಕಡಿಮೆ ಬೀಳುತ್ತಿತ್ತು. ಬಿದ್ದುದನ್ನು ತುಂಬಿಕೊಡಲು ದೊಡ್ಡಪ್ಪ ಒಂದು ಚೀಲ ಅಕ್ಕಿಯನ್ನು ಮುಂಚಿತವಾಗಿ ಹೊತ್ತುಕೊಂಡೇ ಹೋಗುತ್ತಿದ್ದರು. ಗೇಣಿ ಚೀಟಿಯಲ್ಲಿ ಇದಾವುದೂ ಇರುವುದಿಲ್ಲ. ಚೀಟಿಯೇ ಇಲ್ಲದ, ಧಣಿಗಳು ಬೇಡವೆಂದರೆ ಗದ್ದೆ ಬಿಡಬೇಕಾದ ಚಾಲಗೇಣಿ ಒಕ್ಕಲುಗಳ ಪಾಲಿಗೆ ಇಂಥ ಮಾತೇ ದಾಖಲೆ.

ಇನ್ನೊಂದು ಪ್ರಸಂಗದಲ್ಲಿ ಸಂದರ್ಶಕಿಯ ಪೂರ್ವಸಿದ್ಧತೆ ಎಷ್ಟು ಆಳವಾದುದೆಂಬುದು ಕಾಣಿಸಿತು. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಯ ಭೂಮಿ ತಮ್ಮದಾಗಬೇಕಾದರೆ ಒಕ್ಕಲುಗಳು ಏಳನೆಯ ನಮೂನೆಯಲ್ಲಿ ಅರ್ಜಿ ಕೊಡಬೇಕಾಗಿತ್ತು; ಊರಿನ ಮಾತಿನಲ್ಲಿ ಅದು "ಡಿಕ್ಲರೇಶನ್ ಕೊಡುವುದು". ಯಾವ ವರ್ಷ ಕೊಟ್ಟಿರಿ ಎಂದರೆ ದೊಡ್ಡಮ್ಮನಿಗೆ ಇಸವಿ ಗೊತ್ತಿಲ್ಲ. ಇಸವಿಯನ್ನೇ ಕೆದಕುತ್ತ ಕೂರದೆ ಆಕೆ, ಬೊಳ್ಳಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು. 1974ರ ಮಳೆಗಾಲದ ನೆರೆಯನ್ನು ನೇತ್ರಾವತಿ ದಡದವರು ಮರೆಯುವುದುಂಟೇ? ಬೊಳ್ಳ ಇಳಿದು ಗದ್ದೆಯ ಕೆಸರು ಒಣಗುವ ಮೊದಲೇ ದೊಡ್ಡಪ್ಪ ಅರ್ಜಿ ಬರೆಸಿದರು, ಬರೆದುಕೊಟ್ಟವರು ಶಾಲೆಯ ಮಾಸ್ತರರು, ಧಣಿಗಳ ಮುಖ ನೋಡಲು ನಾಚಿಕೆಯಾಗಿ ಹಲವು ದಿನ ಅವರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತುಬಳಸಿ ಹೋಗುತ್ತಿದ್ದರು ಎಂದೆಲ್ಲ ಮಾತು ಬಿಚ್ಚಿಕೊಂಡಿತು. ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವುದಕ್ಕೆ ಆಗಿನ ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಒಕ್ಕಲು ತಾನೇ ನಿಂತು ಹೇಳಬೇಕಾಗಿತ್ತು. ಓದು ಬರಹವಿಲ್ಲದ ದೊಡ್ಡಪ್ಪ ಮನೆಯಲ್ಲಿ ದೊಡ್ಡಮ್ಮನನ್ನೇ ಅಧಿಕಾರಿಯ ಸ್ಥಾನದಲ್ಲಿ ಕೂರಿಸಿ ತಮ್ಮ ಹೇಳಿಕೆಯನ್ನು ರೂಢಿ ಮಾಡಿಕೊಂಡ ಕತೆ ನಗು ಬರಿಸುವಂಥದು. ಆದರೆ ನೂರಾರು ಪುಟಗಳ ಸರಕಾರಿ ಕಡತ ಓದಿದರೂ ಆ ಕಾಯ್ದೆ ಒಂದು ಮನೆಯೊಳಗೆ ಹೇಗೆ ಪ್ರವೇಶಿಸಿತು ಎಂಬುದು ಇಷ್ಟು ತಿಳಿಯಲಾರದು. ನೆನಪಿಗೆ ಇಸವಿ ಇರುವುದಿಲ್ಲ, ನೆರೆ, ಮದುವೆ, ಕೋಲ, ಚುನಾವಣೆಗಳಿರುತ್ತವೆ. ಅವನ್ನು ಹಿಡಿದು ಇಸವಿಗೆ ತಲುಪುವ ದಾರಿ ಈ ತಂಡಕ್ಕೆ ಗೊತ್ತಿದೆ.

ಧ್ವನಿಯ ಗುಣಮಟ್ಟದ ಬಗ್ಗೆ ದೂರುವಂಥದೇನೂ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ, ಹಂಚಿನ ಮಾಡಿನ ಕೆಳಗೆ ಕುಳಿತು ಆಟಿ ತಿಂಗಳಲ್ಲಿ ಮುದ್ರಿಸಿದರೆ ಮಳೆಯ ಸದ್ದೇ ಸಿಗುತ್ತದೆ, ಮನುಷ್ಯರ ಮಾತು ಸಿಗುವುದಿಲ್ಲ. ಹಾಗಾಗಿ ಮನೆಗಳಲ್ಲಿ ನಡೆಯುವ ಮುದ್ರಣವನ್ನು ಅವರು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುತ್ತಾರೆ. ಫ್ಯಾನ್ ನಿಲ್ಲಿಸಿದರು, ಗಡಿಯಾರವನ್ನು ಒಳಕೋಣೆಗೆ ಕಳುಹಿಸಿದರು, ಪಕ್ಕದ ಮನೆಯ ಗ್ರೈಂಡರಿನವರನ್ನು ವಿನಂತಿಸಿಕೊಂಡರು. ದೊಡ್ಡಮ್ಮನ ಸೆರಗಿಗೆ ಸಣ್ಣ ಕಾಲರ್ ಮೈಕು, ಸಂದರ್ಶಕಿಗೆ ಇನ್ನೊಂದು. ಎರಡೂ ಬೇರೆ ಬೇರೆ ಚಾನೆಲಿನಲ್ಲಿ. ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತದಲ್ಲಿ, ಅಂದರೆ ಗಂಟೆಗೆ ಸುಮಾರು 1 ಜಿಬಿ. ಮೊಬೈಲಿನಲ್ಲಿ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಮನೆಯವರು ಕೇಳಿಕೊಳ್ಳಲು ಸಾಕು. ಆದರೆ ಜಾಗ ಉಳಿಸಲೆಂದು ಕುಗ್ಗಿಸಿದ ಎಂಪಿ3 ಕಡತದಲ್ಲಿ ಒಮ್ಮೆ ಬಿಟ್ಟುಹೋದ ಧ್ವನಿಯ ಅಂಶ ಮತ್ತೆ ಬರುವುದಿಲ್ಲ, ದಾಖಲೆಯಾಗಿ ಇಡುವುದು ಕುಗ್ಗಿಸದ ಮೂಲವೇ ಆಗಿರಬೇಕು. ಬೀಡಿಯ ಮಾತು ಬಂದಾಗ ಸಂದರ್ಶಕಿ ಗೆರಸೆ ತರಿಸಿ, ಕಟ್ಟುತ್ತಲೇ ಮಾತನಾಡಿ ಎಂದರು. ಎಲೆ ಕತ್ತರಿಸುವ ಕತ್ತರಿಯ ಲಯ, ನೂಲು ಸುತ್ತಿ ತುದಿ ಮಡಚುವಾಗ ಅರ್ಧಕ್ಕೆ ನಿಲ್ಲುವ ಮಾತು, ಮತ್ತೆ ಮುಂದುವರಿಯುವ ಮಾತು ಎಲ್ಲವೂ ಮುದ್ರಣದಲ್ಲಿವೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಕಳಪೆಯೆಂದು ತೆಗೆದುಹಾಕಿದ ಬೀಡಿಗೆ ಮಜೂರಿ ಇಲ್ಲ, ಆದರೆ ಆ ಬೀಡಿಯನ್ನು ವಾಪಸೂ ಕೊಡುತ್ತಿರಲಿಲ್ಲ ಎಂಬ ಸಿಟ್ಟು ಇಷ್ಟು ವರ್ಷಗಳ ಮೇಲೂ ಕತ್ತರಿಯ ವೇಗದಲ್ಲಿ ಕೇಳಿಸುತ್ತದೆ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆಂದು ತೋರಿದ್ದು ಮಾತ್ರ ಧ್ವನಿಯೂ ಅಲ್ಲ, ಬರಹಕ್ಕಿಳಿಸಿದ ಪಠ್ಯವೂ ಅಲ್ಲ. ಅದರ ಜೊತೆಗೆ ಬರುವ ವಿಷಯಸೂಚಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸಲು ನುರಿತವರಿಗೂ ಹಲವು ಗಂಟೆ ಬೇಕು. ತುಳುವಿನಲ್ಲಾದರೆ, ಅದೂ ಹಲ್ಲಿಲ್ಲದ ಬಾಯಿಯ ತುಳುವಿನಲ್ಲಾದರೆ, ಇನ್ನೂ ಹೆಚ್ಚು. ಹೀಗಾಗಿ ಬರಹ ಬಾಕಿಯಾಗಿ ರಾಶಿ ಬೀಳುತ್ತದೆ. ಈ ತಂಡ ಮೊದಲು ಸೂಚಿ ತಯಾರಿಸುತ್ತದೆ: ಇಂತಿಷ್ಟನೆಯ ನಿಮಿಷದಲ್ಲಿ ಗೇಣಿಯ ಅಳತೆ, ಇಂತಿಷ್ಟನೆಯ ನಿಮಿಷದಲ್ಲಿ ನೆರೆ, ಇಲ್ಲಿ ಮಗುವಿನ ಸಾವು, ಇಲ್ಲಿ ಪಾಡ್ದನದ (ತುಳುವಿನ ಕಥನಗೀತೆಯ) ನಾಲ್ಕು ಸಾಲು, ಇಲ್ಲಿ ಹಂಚಿನ ಕಾರ್ಖಾನೆಯ ಮುಷ್ಕರ, ಇಲ್ಲಿ ವಿದ್ಯುತ್ ಹೋಗಿ ಮಾತು ನಿಂತದ್ದು. ಪ್ರತಿ ನಮೂದಿಗೆ ಎರಡು ಮೂರು ಸಾಲಿನ ಸಾರಾಂಶ, ಊರುಗಳ ಹೆಸರು, ಕಸುಬಿನ ಮಾತುಗಳು. ಇದನ್ನು ಮಾಡುವವರ ಮೇಜಿನ ಮೇಲೆ ಉಡುಪಿಯಿಂದ 1988ರಿಂದ 1997ರ ನಡುವೆ ಹೊರಬಂದ ತುಳು ನಿಘಂಟಿನ ಆರು ಸಂಪುಟಗಳನ್ನು ಕಂಡೆ. ಅಟ್ಟದ ಅಲಂಕಾರಕ್ಕಲ್ಲ, ಪುಟಗಳ ನಡುವೆ ಚೀಟಿಗಳಿದ್ದವು. ಪೂರ್ಣ ಪಠ್ಯವನ್ನು ಓದಿದವನು ಧ್ವನಿಯನ್ನು ಕೇಳುವುದನ್ನೇ ಬಿಡುತ್ತಾನೆ; ಸೂಚಿಯನ್ನು ಓದಿದವನು ಧ್ವನಿಯ ಬಳಿಗೆ ಹೋಗಲೇಬೇಕಾಗುತ್ತದೆ. ಹಣ ಮತ್ತು ಜನ ಕಡಿಮೆಯಿರುವ ಯಾವ ಸಂಸ್ಥೆಯಾದರೂ ಇದೇ ಕ್ರಮವನ್ನು ಹಿಡಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಲ್ಲಿ ಕರಾವಳಿಯ ಹಿಂದಿನ ಕೆಲಸವನ್ನು ನೆನೆಯದಿದ್ದರೆ ತಪ್ಪಾಗುತ್ತದೆ, ಏಕೆಂದರೆ ಈ ಯೋಜನೆಯನ್ನು ಅಳೆಯಬೇಕಾದ ಕೋಲು ನಮ್ಮಲ್ಲೇ ಇದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಮಿಷನರಿ ಮ್ಯಾನರ್ 1886ರಲ್ಲಿ ಪಾಡ್ದನಗಳ ಸಂಗ್ರಹವನ್ನು ಹೊರತಂದಾಗ ಧ್ವನಿಯನ್ನು ಹಿಡಿದಿಡುವ ಸಾಧನ ನಮ್ಮೂರಿಗೆ ಬಂದಿರಲಿಲ್ಲ. ಅದಾಗಿ ಸುಮಾರು ಒಂದು ಶತಮಾನದ ಮೇಲೆ, ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಬೆಳೆದ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆ, ಪಾಡ್ದನಗಳನ್ನು ಧ್ವನಿ ಹಾಗೂ ದೃಶ್ಯದಲ್ಲಿ ದಾಖಲಿಸುವ ಶಿಸ್ತನ್ನು ಈ ನೆಲಕ್ಕೆ ಕಲಿಸಿತು. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಅನ್ನೆಲಿ ಹಾಂಕೊ ಹಾಗೂ ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಸೇರಿ ದಾಖಲಿಸಿ, 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟಿಸಿದರು. ಹಾಡಿದವರ ಹೆಸರು, ಅವರ ಬದುಕು, ಹಾಡಿದ ಸಂದರ್ಭ ಎಲ್ಲವೂ ಕಾವ್ಯದಷ್ಟೇ ಮುಖ್ಯವೆಂದು ತಿಳಿದು ಮಾಡಿದ ಕೆಲಸವದು. ಮೌಖಿಕ ಇತಿಹಾಸದ ದಾರಿ ಸ್ವಲ್ಪ ಬೇರೆ. ಪಾಡ್ದನ ಒಂದು ಸಮುದಾಯದ ಸೊತ್ತು, ಇನ್ನೊಬ್ಬರ ಬಾಯಿಯಲ್ಲೂ ಸಿಗಬಹುದು. ದೊಡ್ಡಪ್ಪ ದಾರಿ ಸುತ್ತಿಕೊಂಡು ಹೋದದ್ದು ದೊಡ್ಡಮ್ಮನೊಬ್ಬರ ಬಾಯಿಯಲ್ಲೇ ಸಿಗಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಇಂಥ ಸಂಗ್ರಹವನ್ನು ಆರಂಭಿಸಿದಾಗ ಗಮನವಿದ್ದದ್ದು ಹೆಚ್ಚಾಗಿ ಪ್ರಮುಖರ ಕಡೆಗೆ. ದುಡಿಯುವವರ ಮಾತಿಗೆ ಕಿವಿಗೊಡುವ ರೂಢಿ ಆಮೇಲೆ ಬೆಳೆಯಿತು. ನಮ್ಮ ಈ ಯೋಜನೆ ಮೊದಲೇ ಎರಡನೆಯ ದಾರಿಯನ್ನು ಹಿಡಿದಿದೆ, ಉಡುಪಿಯ ಶಿಸ್ತಿನ ಬಹುಪಾಲನ್ನೂ ಉಳಿಸಿಕೊಂಡಿದೆ.

ಇನ್ನು ಕೊರತೆಗಳಿಗೆ ಬರುತ್ತೇನೆ. ಮೊದಲನೆಯದು ಒಪ್ಪಿಗೆ ಪತ್ರ. ಮುದ್ರಣ ಮುಗಿದು, ಚಹಾ ಕುಡಿದು, ಎಲ್ಲರೂ ಏಳುವ ಹೊತ್ತಿಗೆ ಒಂದು ಪತ್ರ ಬಂತು. ಅದು ಇಂಗ್ಲಿಷಿನಲ್ಲಿತ್ತು. ಸಂದರ್ಶಕಿ ಅದನ್ನು ಸಾಲು ಸಾಲಾಗಿ ತುಳುವಿನಲ್ಲಿ ವಿವರಿಸಿದರು, ದೊಡ್ಡಮ್ಮ ಒಪ್ಪಿದ್ದನ್ನೂ ಮುದ್ರಿಸಿಕೊಂಡರು. ವ್ಯಕ್ತಿಯಾಗಿ ಆಕೆ ಮಾಡಬಹುದಾದುದನ್ನೆಲ್ಲ ಮಾಡಿದರು. ಆದರೂ ದೊಡ್ಡಮ್ಮ ಹೆಬ್ಬೆಟ್ಟೊತ್ತಿದ್ದು ತಾನು ಓದಲಾಗದ, ಮನೆಯಲ್ಲಿ ಇಬ್ಬರಷ್ಟೇ ಓದಬಲ್ಲ ಕಾಗದಕ್ಕೆ. ಕನ್ನಡದಲ್ಲಿ ಒಂದು ಪತ್ರ ಅಚ್ಚು ಹಾಕಿಸುವುದು ವಿಶ್ವವಿದ್ಯಾಲಯಕ್ಕೆ ಅಷ್ಟು ಭಾರವೇ? ಪತ್ರದ ಒಳಗಿನ ವಿಷಯ ಇನ್ನೂ ತೊಡಕಿನದು. ಮುದ್ರಣದ ಮೇಲಿನ ಎಲ್ಲ ಹಕ್ಕುಗಳನ್ನೂ ವಿಶ್ವವಿದ್ಯಾಲಯಕ್ಕೆ ಹಸ್ತಾಂತರಿಸಲಾಗಿದೆ ಎಂದು ಅದರಲ್ಲಿದೆ, ಎಷ್ಟು ಕಾಲಕ್ಕೆ ಎಂದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಸ್ತಾಂತರ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಭಾವಿಸಲಾಗುತ್ತದೆ. ಶಾಶ್ವತವಾಗಿ ಕಾಪಿಡುತ್ತೇವೆ ಎನ್ನುವ ಸಂಸ್ಥೆ ಇಂಥ ಪತ್ರವನ್ನು ಇಟ್ಟುಕೊಂಡರೆ ಅದಕ್ಕೇ ತೊಂದರೆ, ಹೇಳಿದವರಿಗೂ ತೊಂದರೆ. ಹಕ್ಕನ್ನು ಹೇಳಿದವರಲ್ಲೇ ಉಳಿಸಿ, ಕಾಪಿಡುವುದಕ್ಕೂ ಕೇಳಿಸುವುದಕ್ಕೂ ಬೇಕಾದ ಅನುಮತಿಯನ್ನಷ್ಟೇ ಪಡೆದರೆ ಕೆಲಸ ನಡೆಯುತ್ತದೆ. ಮುದ್ರಣವನ್ನು ಒಮ್ಮೆ ಕೇಳಿಯಾದ ಮೇಲೆ ಸಹಿ ಹಾಕುವ ಅವಕಾಶವಿದ್ದರೆ ಇನ್ನೂ ಮೇಲು. ಆಡಿದ್ದೇನೆಂದು ಪೂರ್ತಿ ನೆನಪಿಲ್ಲದ ಗಳಿಗೆಯಲ್ಲಿ, ಆಯಾಸದ ಹೊತ್ತಿನಲ್ಲಿ ಪಡೆದ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ?

ನ್ಯಾಯವಾಗಿ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಧಣಿಗಳ ಮನೆಯವರ ಬಗ್ಗೆ ದೊಡ್ಡಮ್ಮ ಆಡಿದ ಕೆಲವು ಮಾತುಗಳು, ಈಗಲೂ ಅದೇ ಊರಿನಲ್ಲಿ ಬದುಕುತ್ತಿರುವವರನ್ನು ನೋಯಿಸುವಂಥವು. ನಮ್ಮಿಂದ ಆ ಮಾತು ಹೊರಡುವ ಮೊದಲೇ ತಂಡದವರು ಅದನ್ನು ಗುರುತಿಸಿ, ಆ ಭಾಗವನ್ನು ದೊಡ್ಡಮ್ಮನ ಕಾಲಾನಂತರ ನಿಗದಿತ ವರ್ಷಗಳವರೆಗೆ ಮುಚ್ಚಿಡುವ ಆಯ್ಕೆಯಿದೆ ಎಂದು ತಿಳಿಸಿದರು. ಅಳಿಸಿಹಾಕುವುದಲ್ಲ, ಮುಚ್ಚಿಡುವುದು. ಸೂಚಿಯಲ್ಲಿ ಆ ನಿಮಿಷಗಳ ಎದುರು "ನಿರ್ಬಂಧಿತ" ಎಂದಷ್ಟೇ ಇದೆ. ಹಳ್ಳಿಯ ಬದುಕಿನ ಸೂಕ್ಷ್ಮ ತಿಳಿದವರು ಮಾತ್ರ ಇಷ್ಟು ಮುಂದಾಲೋಚನೆ ಮಾಡಬಲ್ಲರು.

ನಿಜವಾದ ನಿರಾಶೆ ಆದದ್ದು ಕೇಳುಗನಾಗಿ ಹೋದಾಗ. ದೊಡ್ಡಪ್ಪನ ಜೊತೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು ಯಾರಾದರೂ ಮಾತನಾಡಿದ್ದಾರೆಯೇ, ದೋಣಿಯಲ್ಲಿ ಆವೆಮಣ್ಣು ತರುತ್ತಿದ್ದವರ ಮುದ್ರಣ ಇದೆಯೇ ಎಂದು ತಿಳಿಯುವುದು ನನ್ನ ಉದ್ದೇಶ. ಹೊರಗಿನವರು ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆದು, ಉದ್ದೇಶ ತಿಳಿಸಿ, ಯಾವುದಾದರೂ ಸಂಸ್ಥೆಯ ಪರಿಚಯ ಪತ್ರ ಲಗತ್ತಿಸಬೇಕು. ನಿವೃತ್ತನಾದ ನನಗೆ ಸಂಸ್ಥೆ ಎಲ್ಲಿಂದ ಬರಬೇಕು? ಪರಿಚಿತ ಅಧ್ಯಾಪಕರೊಬ್ಬರ ಪತ್ರ ಹಿಡಿದುಕೊಂಡು ಹೋದ ಮೇಲೆ ಅನುಮತಿ ಸಿಕ್ಕಿತು. ಕೇಳುವ ವ್ಯವಸ್ಥೆ ಎಂದರೆ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್, ಕಚೇರಿಯ ವೇಳೆ ಮಾತ್ರ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೋಣೆಗೆ ಬೀಗ. ದುಡಿಯುವ ಮನುಷ್ಯನೊಬ್ಬ ತನ್ನ ಅಜ್ಜನ ಕಾರ್ಖಾನೆಯ ಕತೆ ಕೇಳಬೇಕಾದರೆ ಒಂದು ದಿನದ ಸಂಬಳ ಬಿಡಬೇಕು.

ಕ್ಯಾಟಲಾಗಿನ ಸ್ಥಿತಿ ಇದಕ್ಕಿಂತ ಬೇಸರದ್ದು. ಅಷ್ಟು ಚೆನ್ನಾಗಿ ತಯಾರಾದ ವಿಷಯಸೂಚಿಗಳು ತಂಡದವರ ಕಂಪ್ಯೂಟರಿನಲ್ಲೇ ಕುಳಿತಿವೆ. ಕೇಳುಗನಿಗೆ ತೋರಿಸುವ ಪಟ್ಟಿಯಲ್ಲಿರುವುದು ಹೇಳಿದವರ ಹೆಸರು, ಊರು, ತಾರೀಕು, ಅವಧಿ ಮತ್ತು ಇಂಗ್ಲಿಷಿನಲ್ಲಿ ಒಂದು ಸಾಲು. ಹಂಚು ಎಂದು ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದವರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುವುದರಿಂದ ಒಂದೇ ಊರು ಪಟ್ಟಿಯಲ್ಲಿ ಎರಡು ಮೂರು ಕಡೆ ಹಂಚಿಹೋಗಿದೆ. ಕೊನೆಗೆ ನನಗೆ ಬೇಕಾದ ಮುದ್ರಣವನ್ನು ಹುಡುಕಿಕೊಟ್ಟದ್ದು ಪಟ್ಟಿಯಲ್ಲ, ಅಲ್ಲಿನ ಸಹಾಯಕರ ನೆನಪು. "ಮಣ್ಣಿನ ದೋಣಿಯ ಅಜ್ಜರು ಒಬ್ಬರಿದ್ದಾರೆ, ನಿಲ್ಲಿ ಸಾರ್" ಎಂದು ಅವರು ನೇರವಾಗಿ ಕಡತವನ್ನು ತೆರೆದುಕೊಟ್ಟರು. ಆ ಸಹಾಯಕರು ಗುತ್ತಿಗೆಯ ಮೇಲೆ ಇರುವವರು. ಅವರ ಗುತ್ತಿಗೆ ಮುಗಿದ ದಿನ ಸಂಗ್ರಹದ ಅರ್ಧ ದಾರಿ ಮುಚ್ಚುತ್ತದೆ.

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿದ ನನ್ ಮೌಖಿಕ ಇತಿಹಾಸ ಕೇಂದ್ರ ಸಿದ್ಧಪಡಿಸಿದ ಓಎಚ್‌ಎಂಎಸ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಸೂಚಿಯಲ್ಲಿ ಒಂದು ವಿಷಯವನ್ನು ಒತ್ತಿದರೆ ಧ್ವನಿ ಅದೇ ಗಳಿಗೆಗೆ ಹೋಗಿ ನಿಲ್ಲುವಂತೆ ಅದು ಜೋಡಿಸುತ್ತದೆ. ನಮ್ಮ ತಂಡದ ಬಳಿ ನಿಮಿಷವಾರು ಸೂಚಿ ಈಗಾಗಲೇ ಇದೆ, ಅಂದರೆ ಕಷ್ಟದ ಕೆಲಸ ಮುಗಿದಿದೆ. ಸೂಚಿಯನ್ನು ಕನ್ನಡ ಲಿಪಿಯಲ್ಲೇ ಹುಡುಕುವಂತೆ ಮಾಡಿ, ನಿರ್ಬಂಧವಿಲ್ಲದ ಭಾಗಗಳನ್ನಷ್ಟೇ ಜಾಲದಲ್ಲಿ ತೆರೆದರೆ, ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿರುವ ಬಂಟ್ವಾಳದ ಹುಡುಗನೂ ರಾತ್ರಿ ತನ್ನ ಫೋನಿನಲ್ಲಿ ಕೇಳಬಹುದು. ಹಾಗೆ ತೆರೆಯಲು ಎಲ್ಲರೂ ಒಪ್ಪಿದ್ದಾರೆಯೇ ಎಂಬ ಪ್ರಶ್ನೆ ಬಂದಾಗ ಮತ್ತೆ ಆ ಒಪ್ಪಿಗೆ ಪತ್ರಕ್ಕೇ ಬಂದು ನಿಲ್ಲುತ್ತೇವೆ. ಜಾಲದಲ್ಲಿ ಹಾಕುವುದರ ಬಗ್ಗೆ ಅದರಲ್ಲಿ ಪ್ರತ್ಯೇಕವಾಗಿ ಏನನ್ನೂ ಕೇಳಿಲ್ಲ.

ಕಾಪಿಡುವ ವ್ಯವಸ್ಥೆಯ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ ಅರ್ಧ ತೃಪ್ತಿಕರ. ಮೂಲ ಕಡತದ ಮೂರು ಪ್ರತಿಗಳಿವೆ, ಒಂದು ಬೇರೆ ಕಟ್ಟಡದಲ್ಲಿದೆ. ಪ್ರತಿ ಕಡತಕ್ಕೂ ಒಂದು ತಾಳೆಸಂಖ್ಯೆ ಲೆಕ್ಕ ಹಾಕಿಟ್ಟು, ಕಾಲಕಾಲಕ್ಕೆ ಮತ್ತೆ ಲೆಕ್ಕ ಹಾಕಿ ಹೋಲಿಸುತ್ತಾರೆ. ಒಂದು ಬಿಟ್ ಹಾಳಾದರೂ ಸಂಖ್ಯೆ ಬದಲಾಗುತ್ತದೆ, ಆಗ ಒಳ್ಳೆಯ ಪ್ರತಿಯಿಂದ ಸರಿಪಡಿಸಬಹುದು. ಇದು ಸರಿಯಾದ ಕ್ರಮ. ಆದರೆ ಮೂರೂ ಪ್ರತಿಗಳು ಒಂದೇ ಊರಿನಲ್ಲಿವೆ. ಉಪ್ಪುಗಾಳಿ, ತೇವ, ಸಿಡಿಲು ಮೂರೂ ಧಾರಾಳವಾಗಿರುವ ಈ ಕರಾವಳಿಯಲ್ಲಿ ಒಂದು ಪ್ರತಿಯನ್ನಾದರೂ ಘಟ್ಟದ ಮೇಲೆ ಇಡುವುದು ವಿವೇಕ. ಅದೇ ಕೋಣೆಯ ಕಪಾಟಿನಲ್ಲಿ ಹಿಂದಿನ ತಲೆಮಾರಿನ ಸಂಶೋಧಕರು ಬಿಟ್ಟುಹೋದ ಕ್ಯಾಸೆಟ್ಟುಗಳ ಸಾಲಿದೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವಕ್ಕೆ ಚೀಟಿಯಿಲ್ಲ. ಅದನ್ನು ಡಿಜಿಟಲ್ ಮಾಡಲು ಬೇರೆ ಅನುದಾನ ಬರಬೇಕಂತೆ. ಕ್ಯಾಸೆಟ್ಟಿನ ಕಾಂತಪಟ್ಟಿಯೂ ಅದನ್ನು ನುಡಿಸುವ ಯಂತ್ರಗಳೂ ಅನುದಾನಕ್ಕಾಗಿ ಕಾಯುವುದಿಲ್ಲ. ಹೊಸ ಮುದ್ರಣವನ್ನು ಒಂದು ವರ್ಷ ಅರ್ಧಕ್ಕೆ ಇಳಿಸಿಯಾದರೂ ಮೊದಲು ಆ ಕಪಾಟಿನ ಕೆಲಸ ಮಾಡಬೇಕಿತ್ತು ಎಂಬುದು ನನ್ನ ಸ್ಪಷ್ಟ ಮಾತು. ಆ ಕ್ಯಾಸೆಟ್ಟುಗಳಲ್ಲಿ ಮಾತನಾಡಿದವರು ಮತ್ತೆ ಸಿಗುವವರಲ್ಲ.

ಮನೆಯವರಿಗೆ ಕೊಡುವ ಪ್ರತಿ ಒಂದು ಪೆನ್‌ಡ್ರೈವಿನಲ್ಲಿ ಎಂಪಿ3 ರೂಪದಲ್ಲಿ ಬಂತು, ಜೊತೆಗೆ ಅಚ್ಚು ಹಾಕಿದ ವಿಷಯಸೂಚಿ. ಹೇಳಿದ ಸಮಯಕ್ಕಿಂತ ತಡವಾಯಿತು, ನೆನಪಿಸಬೇಕಾಯಿತು. ಬಂದ ಮೇಲೆ ಎಲ್ಲವೂ ಸರಿಯಿತ್ತು. ಪೂರ್ಣ ಗುಣಮಟ್ಟದ ಕಡತವನ್ನೂ ಕೇಳಿದರೆ ಕೊಡುತ್ತಾರೆ, ಆದರೆ ಕೇಳಬೇಕು, ಅವರಾಗಿ ಹೇಳುವುದಿಲ್ಲ. ದೊಡ್ಡಮ್ಮ ತನ್ನ ಧ್ವನಿಯನ್ನು ಸ್ವಲ್ಪ ಕೇಳಿ, ಮುಷ್ಕರದ ಕಾಲದಲ್ಲಿ ಕಾರ್ಖಾನೆಯ ಯಜಮಾನರು ಹೇಳಿ ಕಳುಹಿಸಿದ ಮಾತನ್ನು ತಾನು ಹಿಂದುಮುಂದು ಮಾಡಿ ಹೇಳಿದ್ದೇನೆ, ಆ ಹುಡುಗಿಯನ್ನು ಮತ್ತೆ ಕರೆಯಿರಿ ಎಂದರು. ಇಂಥ ತಿದ್ದುಪಡಿಗೆ ಯೋಜನೆಯಲ್ಲಿ ಅವಕಾಶವಿದೆ. ಮೊದಲಿನದನ್ನು ಹಾಗೆಯೇ ಉಳಿಸಿ, ತಿದ್ದಿ ಹೇಳಿದ್ದನ್ನು ಪ್ರತ್ಯೇಕವಾಗಿ ಮುದ್ರಿಸಿ ಎರಡನ್ನೂ ಸೂಚಿಯಲ್ಲಿ ಜೋಡಿಸುತ್ತಾರೆ. ಆಕೆ ಬಂದರು, ಮುದ್ರಿಸಿಕೊಂಡರು.

ಹೆಸರು ಸೂಚಿಸಲು ಇಚ್ಛೆಯುಳ್ಳವರು ಮುಂಚಿತವಾಗಿ ಕೆಲವನ್ನು ಕೇಳಿಕೊಳ್ಳಬೇಕು. ಒಪ್ಪಿಗೆ ಪತ್ರವನ್ನು ಮುದ್ರಣದ ದಿನಕ್ಕಿಂತ ಮೊದಲೇ ಮನೆಗೆ ತರಿಸಿ ಓದಿಸಿ. ಅವಧಿ ಮತ್ತು ಜಾಲದಲ್ಲಿ ಹಾಕುವ ವಿಷಯವನ್ನು ಕೈಬರಹದಲ್ಲಾದರೂ ಸೇರಿಸಿ ಎಂದು ಕೇಳಿ. ನಾವು ಆಮೇಲೆ ಕೇಳಿದಾಗ ಅವರು ಆಕ್ಷೇಪಿಸದೆ ಸೇರಿಸಿಕೊಟ್ಟರು. ವೇವ್ ಕಡತ ಬೇಕೆಂದು ಆಗಲೇ ಹೇಳಿ, ಅದಕ್ಕೆ ನಿಮ್ಮದೇ ಹಾರ್ಡ್ ಡಿಸ್ಕ್ ಕೊಡಿ. ಹಿರಿಯರ ಬಳಿ ಇರುವ ಗೇಣಿ ಚೀಟಿ, ಬೀಡಿಯ ಪಾಸ್‌ಬುಕ್, ಕಾರ್ಖಾನೆಯ ಹಾಜರಿ ಚೀಟಿಗಳನ್ನು ಹುಡುಕಿ ಇಟ್ಟಿರಿ. ತಂಡ ಅವನ್ನು ಒಯ್ಯುವುದಿಲ್ಲ, ಅಲ್ಲೇ ಚಿತ್ರ ತೆಗೆದುಕೊಂಡು ಮುದ್ರಣದ ಜೊತೆ ಇಡುತ್ತದೆ. ಕೇಳಲೆಂದು ಹೋಗುವವರು ಪಟ್ಟಿಯನ್ನು ನಂಬದೆ ನೇರವಾಗಿ ಆ ಸಹಾಯಕರನ್ನು ವಿಚಾರಿಸಿ, ಊಟದ ಹೊತ್ತನ್ನು ತಪ್ಪಿಸಿ. ಪರಿಚಯ ಪತ್ರದ ನಿಯಮವನ್ನು ಸಡಿಲಿಸಬೇಕೆಂದೂ ವಿಷಯಸೂಚಿಗಳನ್ನು ಕೇಳುಗರಿಗೆ ತೆರೆಯಬೇಕೆಂದೂ ನಾನು ಲಿಖಿತವಾಗಿ ಕೋರಿದ್ದೇನೆ. ಸೂಚಿಗಳ ಅಚ್ಚಿನ ಪ್ರತಿಗಳನ್ನು ಕಡತದಲ್ಲಿ ಹಾಕಿ ವಾಚನ ಕೋಣೆಯಲ್ಲಿ ಇಡುವುದಾಗಿ ಉತ್ತರ ಬಂದಿದೆ. ಪರಿಚಯ ಪತ್ರದ ವಿಷಯ ಸಮಿತಿಯ ಮುಂದಿದೆಯಂತೆ.